ಏಳು ಮೋಡ್ ಕಲಿತರೂ ಸೋಲೋದಲ್ಲಿ ಕೇಳುವುದು ಒಂದೇ ಸ್ಕೇಲ್

ಪ್ರಶ್ನೆ (ವಿನೋಬನಗರ, ಶಿವಮೊಗ್ಗ):
ಎರಡು ವರ್ಷಗಳಿಂದ ಗಿಟಾರ್ ನುಡಿಸುತ್ತಿದ್ದೇನೆ. ಅಯೋನಿಯನ್‌ನಿಂದ ಲೋಕ್ರಿಯನ್‌ವರೆಗೆ ಏಳೂ ಮೋಡ್‌ಗಳಲ್ಲಿ (ಒಂದೇ ಸ್ಕೇಲನ್ನು, ಅಂದರೆ ಸ್ವರಗಳ ಸಾಲನ್ನು, ಬೇರೆಬೇರೆ ಸ್ವರದಿಂದ ಆರಂಭಿಸಿದಾಗ ಸಿಗುವ ಏಳು ರೂಪಗಳಲ್ಲಿ) ಬೆರಳಿಡುವ ಜಾಗಗಳು ಬಾಯಿಪಾಠವಾಗಿವೆ. ಆದರೆ ಸಿ ಮೇಜರ್ ಹಿನ್ನೆಲೆ ಸಂಗೀತದ ಟ್ರ್ಯಾಕ್ ಹಾಕಿಕೊಂಡು ಡಿ ಡೋರಿಯನ್ ನುಡಿಸಿದರೂ, ಇ ಫ್ರಿಜಿಯನ್ ನುಡಿಸಿದರೂ ಕಿವಿಗೆ ಬೀಳುವುದು ಸಿ ಮೇಜರ್ ಮಾತ್ರ. ಇವುಗಳ ಬಣ್ಣ ಬೇರೆಬೇರೆಯಾಗಿ ಕೇಳಬೇಕಾದರೆ ಹೇಗೆ ಅಭ್ಯಾಸ ಮಾಡಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಸಾಗರ):
ನಿಮ್ಮ ಕೈ ಜಾಗ ಬದಲಿಸುತ್ತಿದೆ, ಷಡ್ಜ ಮಾತ್ರ ಸಿಯಲ್ಲೇ ಕೂತಿದೆ. ನಮ್ಮ ಕಡೆಯ ಯಕ್ಷಗಾನದಲ್ಲಿ ಭಾಗವತರ ಪದ್ಯ ಎಲ್ಲಿಗೆ ಹೋದರೂ ಶ್ರುತಿ ಹಿಂದೆ ನಿಂತಿರುವುದರಿಂದಲೇ ಪ್ರತಿ ಸ್ವರದ ಗುಣ ನಮಗೆ ತಿಳಿಯುತ್ತದೆಯಲ್ಲವೇ? ಟ್ರ್ಯಾಕ್ ಬಿಟ್ಟು, ತೆರೆದ ಐದನೇ ತಂತಿಯನ್ನು, ಅಂದರೆ ಎ ಸ್ವರವನ್ನು, ಹೆಬ್ಬೆರಳಿನಿಂದ ಮೀಟುತ್ತಾ ಅದನ್ನೇ ಶ್ರುತಿಯಾಗಿಸಿಕೊಳ್ಳಿ. ಐದನೇ ಫ್ರೆಟ್‌ನ (ವೀಣೆಯ ಮೆಟ್ಟಿಲಿನಂಥ ಅಡ್ಡಪಟ್ಟಿಯ) ಎ ಮೈನರ್ ಪೆಂಟಟಾನಿಕ್, ಅಂದರೆ ಎ, ಸಿ, ಡಿ, ಇ, ಜಿ ಎಂಬ ಐದು ಸ್ವರಗಳ ಸ್ಕೇಲ್, ನಿಮಗೆ ಗೊತ್ತೇ ಇರುತ್ತದೆ. ಅದಕ್ಕೆ ಬಿ ಸೇರಿಸಿ, ಎರಡನೇ ತಂತಿಯಲ್ಲಿ 6ನೇ ಫ್ರೆಟ್ ಒತ್ತಿದರೆ ಎಫ್ ಬಂದು ಎಯೋಲಿಯನ್ ಆಗುತ್ತದೆ, 7ನೇ ಫ್ರೆಟ್ ಒತ್ತಿದರೆ ಎಫ್ ಶಾರ್ಪ್ ಬಂದು ಡೋರಿಯನ್ ಆಗುತ್ತದೆ. ಆ ಒಂದು ಸ್ವರದ ಮೇಲೆ ನಿಂತು, ಅದು ಶ್ರುತಿಯೊಡನೆ ಹೇಗೆ ಬೆರೆಯುತ್ತದೆಂದು ಕೇಳಿಸಿಕೊಂಡ ಮೇಲೆಯೇ ಮುಂದೆ ಹೋಗಿ. ಸ್ಕೇಲನ್ನು ಮೇಲೆ ಕೆಳಗೆ ಓಡಿಸುವುದರಿಂದ ಬೆರಳು ಪಳಗುತ್ತದೆಯೇ ಹೊರತು ಕಿವಿ ಪಳಗುವುದಿಲ್ಲ.

ಉತ್ತರ (ತೀರ್ಥಹಳ್ಳಿ):
ವೀಣೆ ಕಲಿತವರಿಗೆ ಇದು ಗ್ರಹಭೇದವೆಂದರೆ ಬೇಗ ಅರ್ಥವಾಗುತ್ತದೆ: ಶಂಕರಾಭರಣದ ರಿಷಭವನ್ನೇ ಷಡ್ಜವಾಗಿ ಹಿಡಿದರೆ ಖರಹರಪ್ರಿಯ, ಗಾಂಧಾರವನ್ನು ಹಿಡಿದರೆ ಹನುಮತೋಡಿ, ಮಧ್ಯಮದಿಂದ ಕಲ್ಯಾಣಿ, ಪಂಚಮದಿಂದ ಹರಿಕಾಂಬೋಜಿ, ಧೈವತದಿಂದ ನಟಭೈರವಿ. ಸ್ವರಸ್ಥಾನಗಳ ಮಟ್ಟಿಗೆ ಇವೇ ಡೋರಿಯನ್, ಫ್ರಿಜಿಯನ್, ಲಿಡಿಯನ್, ಮಿಕ್ಸೊಲಿಡಿಯನ್, ಎಯೋಲಿಯನ್. ಲೋಕ್ರಿಯನ್‌ನಲ್ಲಿ ಶುದ್ಧ ಪಂಚಮವೇ ಇಲ್ಲದ ಕಾರಣ ಕರ್ನಾಟಕ ಸಂಗೀತದ 72 ಮೇಳಕರ್ತ (ಮೂಲ) ರಾಗಗಳಲ್ಲಿ ಅದಕ್ಕೆ ಸ್ಥಾನವಿಲ್ಲ. ಸದ್ಯಕ್ಕೆ ನೀವೂ ಅದನ್ನು ಬದಿಗಿಡಬಹುದು. ಆದರೆ ಡೋರಿಯನ್ ನುಡಿಸಿ ಖರಹರಪ್ರಿಯ ನುಡಿಸಿದೆನೆಂದು ಹೇಳಬೇಡಿ. ಗಾಂಧಾರ, ನಿಷಾದಗಳ ಗಮಕವಿಲ್ಲದೆ, ಅಂದರೆ ಆ ಸ್ವರಗಳನ್ನು ತೂಗಿ ಆಡಿಸದೆ, ಆ ರಾಗ ಕಣ್ಣು ಬಿಡುವುದಿಲ್ಲ.

ಪ್ರಶ್ನೆ ಕೇಳಿದವರು:
ನಿನ್ನೆ ಸಂಜೆ ಮಳೆಗೆ ಕರೆಂಟು ಹೋದಾಗ ಐದನೇ ತಂತಿಯನ್ನೇ ಶ್ರುತಿ ಮಾಡಿಕೊಂಡು ಕೂತೆ, 6ಕ್ಕೂ 7ಕ್ಕೂ ಇರುವ ವ್ಯತ್ಯಾಸ ಮೊದಲ ಬಾರಿಗೆ ಸ್ಪಷ್ಟವಾಗಿ ಕೇಳಿಸಿತು. ಆದರೆ ಗೆಳೆಯರು ಎ ಮೈನರ್, ಎಫ್, ಜಿ ಕಾರ್ಡ್‌ಗಳನ್ನು (ಒಟ್ಟಿಗೆ ಮೀಟುವ ಸ್ವರಗುಚ್ಛಗಳನ್ನು) ನುಡಿಸುವಾಗ ಅದೇ ಎಫ್ ಶಾರ್ಪ್ ಅಪಸ್ವರವಾಯಿತು.

ಉತ್ತರ (ಸಾಗರ):
ಆಗಲೇಬೇಕು, ಏಕೆಂದರೆ ಎಫ್ ಕಾರ್ಡ್‌ನ ಮೂಲಸ್ವರವೇ ಎಫ್. ಎ ಮೈನರ್ ಮತ್ತು ಡಿ ಮೇಜರ್ ಎರಡನ್ನೇ ತಿರುಗಿಸಿ ನುಡಿಸಲು ಅವರಿಗೆ ಹೇಳಿ. ಡಿ ಮೇಜರ್‌ನೊಳಗೆ ಎಫ್ ಶಾರ್ಪ್ ಇರುವುದರಿಂದ ಡೋರಿಯನ್ ತಾನಾಗಿ ಹೊಂದಿಕೊಳ್ಳುತ್ತದೆ. ಅದು ಕೈಗೂಡಿದ ಮೇಲೆ ಮೂರನೇ ತಂತಿಯ 5ನೇ ಫ್ರೆಟ್‌ನ ಸಿಯನ್ನು 6ನೇ ಫ್ರೆಟ್‌ನ ಸಿ ಶಾರ್ಪ್‌ಗೆ ಏರಿಸಿ, ಕಾರ್ಡ್‌ಗಳನ್ನು ಎ ಮೇಜರ್ ಮತ್ತು ಜಿ ಮೇಜರ್ ಮಾಡಿಕೊಂಡರೆ, ಮಿಕ್ಸೊಲಿಡಿಯನ್‌ಗೆ ಬೇರೆ ಪಾಠ ಬೇಕಾಗುವುದಿಲ್ಲ.