ರೈಲು ಮಾರ್ಗಕ್ಕೆ ರಾಜ್ಯದ ಅರ್ಧ ಪಾಲು: ಮಲೆನಾಡಿಗೆ ದಕ್ಕುವುದೇನು?

ಪ್ರಶ್ನೆ (ಸಾಗರ):
ಮಾನ್ಯರೇ, ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರೈಲ್ವೆಯು ಕೇಂದ್ರ ಪಟ್ಟಿಗೆ ಸೇರಿದ ವಿಷಯ. ಹಾಗಿದ್ದೂ ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಮಾರ್ಗಕ್ಕೆ ಬೇಕಾದ ಜಮೀನನ್ನು ಕರ್ನಾಟಕ ಸರ್ಕಾರ ಉಚಿತವಾಗಿ ಕೊಡುವುದಲ್ಲದೆ, ನಿರ್ಮಾಣ ವೆಚ್ಚದ ಅರ್ಧವನ್ನೂ ತಾನೇ ಹೊತ್ತಿದೆ. ಪ್ರತಿ ಮಳೆಗಾಲವೂ ನಮ್ಮ ರಸ್ತೆಗಳು ಕಿತ್ತುಹೋಗುತ್ತಿರುವಾಗ ಈ ಹೊರೆ ನ್ಯಾಯವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಶಿವಮೊಗ್ಗ):
ನಮ್ಮಲ್ಲಿ ಇದು ಹೊಸ ಪದ್ಧತಿಯಲ್ಲ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ತಂದದ್ದು ಮೈಸೂರು ಸಂಸ್ಥಾನ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆರಂಭವಾದಾಗ ಈ ಹಳಿ ಆಗಲೇ ಊರನ್ನು ಮುಟ್ಟಿತ್ತು. ತಾಳಗುಪ್ಪದವರೆಗಿನ ಮೀಟರ್ ಗೇಜ್ ಹಳಿಯೂ ಸಂಸ್ಥಾನದ ಕಾಲದ್ದೇ. ರಾಜ್ಯ ಮುಂದಾಗದಿದ್ದರೆ ಪ್ರಯಾಣಿಕರು ವಿರಳವಾದ ನಮ್ಮಂಥ ಸೀಮೆಯ ಸರದಿ ಬರುವುದೇ ಕಷ್ಟವೆಂಬುದು ನನ್ನ ಅಭಿಪ್ರಾಯ. ಕಡೂರು–ಚಿಕ್ಕಮಗಳೂರು ಮಾರ್ಗವೂ ರಾಜ್ಯ ವೆಚ್ಚ ಹಂಚಿಕೊಂಡ ಮೇಲೆಯೇ 2013ರಲ್ಲಿ ಸಂಚಾರಕ್ಕೆ ತೆರೆದುಕೊಂಡಿತು.

ಉತ್ತರ 2 (ಶಿಕಾರಿಪುರ ತಾಲ್ಲೂಕು):
ಹಣಕ್ಕಿಂತ ಹೆಚ್ಚಾಗಿ ಕೆಲಸ ತಡೆಯುವುದು ಜಮೀನಿನ ದಾಖಲೆ. ನಮ್ಮ ಅಡಿಕೆ ತೋಟದಲ್ಲಿ ಅಳತೆಯವರು ಕಲ್ಲು ನೆಟ್ಟು, ಸಾಲಿನ ನಾಲ್ಕು ಮರಗಳ ಕಾಂಡಕ್ಕೆ ಕೆಂಪು ಬಣ್ಣ ಬಳಿದು ಹೋದರು. ನೋಟಿಸ್ ಬಂದದ್ದು ಮಾತ್ರ ತೀರಿಹೋಗಿರುವ ನಮ್ಮಜ್ಜನ ಹೆಸರಿಗೆ, ಏಕೆಂದರೆ ಪಹಣಿಯಲ್ಲಿ ಇನ್ನೂ ಅವರೇ ಇದ್ದಾರೆ. ಪೌತಿ ಖಾತೆಯಾಗದೆ (ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಬದಲಾಗದೆ), ಅಣ್ಣತಮ್ಮಂದಿರ ಪಾಲಿಗೆ ಪೋಡಿಯಾಗದೆ (ಅಳೆದು ಬೇರೆ ಬೇರೆ ಮಾಡದೆ) ಪರಿಹಾರದ ಹಣ ಯಾರ ಕೈಗೂ ಸೇರುವುದಿಲ್ಲ. ಪರಿಹಾರ ಸಿಗದ ರೈತ ಮಣ್ಣು ತೆಗೆಯಲು ಬಿಡುವುದೂ ಇಲ್ಲ. ಒಂದು ಅಡಿಕೆ ಗಿಡ ಫಲಕ್ಕೆ ಬರಲು ಐದಾರು ವರ್ಷ ಬೇಕು ಎಂಬುದನ್ನು ಬೆಲೆ ಕಟ್ಟುವವರು ಮರೆಯಬಾರದು. ಇದೆಲ್ಲವೂ ಕಂದಾಯ ಇಲಾಖೆಯ, ಅಂದರೆ ರಾಜ್ಯದ ಕೆಲಸ. ಹಣ ಕೊಡುವ ಸರ್ಕಾರ ಈ ಕೆಲಸಕ್ಕೆ ಸಿಬ್ಬಂದಿಯನ್ನೂ ಕೊಡಲಿ.

ಉತ್ತರ 3 (ತೀರ್ಥಹಳ್ಳಿ, ನಮ್ಮ ಪೇಟೆಗೆ ಇಂದಿಗೂ ಹಳಿ ಬಂದಿಲ್ಲ):
ಹಾಸನ–ಮಂಗಳೂರು ಮಾರ್ಗವನ್ನು ಗಮನಿಸಿ. ಅದರ ಗೇಜ್ ಪರಿವರ್ತನೆಗಾಗಿ, ಅಂದರೆ ಕಿರಿದಾದ ಹಳಿಯನ್ನು ಅಗಲದ ಹಳಿಯಾಗಿ ಬದಲಿಸಲು, ರೈಲ್ವೆ ಮತ್ತು ಕರ್ನಾಟಕ ಸರ್ಕಾರ ಪ್ರತ್ಯೇಕ ಕಂಪನಿಯಲ್ಲಿ ಪಾಲು ಹಾಕಿದವು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ; 50 ಅಡಿ ಸಾಗಿದರೆ ಒಂದು ಅಡಿ ಏರುವ ಆ ಘಾಟಿಯಲ್ಲಿ ಹೆಚ್ಚುವರಿ ಇಂಜಿನ್‌ಗಳಿಲ್ಲದೆ ಭಾರದ ಗಾಡಿ ಹತ್ತುವುದಿಲ್ಲ. ಇಷ್ಟು ಖರ್ಚನ್ನು ತೂಗಿಸಲು ಅಲ್ಲಿ ಬಂದರಿನ ಸರಕು ಇದೆ. ತಾಳಗುಪ್ಪದ ಕಡೆಗೆ ಅಂಥ ಸರಕಿಲ್ಲದ ಕಾರಣ ಅದೇ ಲೆಕ್ಕವನ್ನು ಇಲ್ಲಿ ಹಾಕಲಾಗದು. ಆಸ್ಪತ್ರೆಗೆ, ಕಾಲೇಜಿಗೆ ಹೋಗುವವರೇ ಇಲ್ಲಿನ ಆದಾಯ. ಆದರೆ ಅರ್ಧ ಹಣ ಕೊಟ್ಟ ಮೇಲೂ ವೇಳಾಪಟ್ಟಿಯನ್ನು ನಿರ್ಧರಿಸುವುದು ರೈಲ್ವೆಯೇ. ಬೆಳಿಗ್ಗೆ ಹೋಗಿ ಸಂಜೆ ಮರಳುವಂತೆ ಕನಿಷ್ಠ ಒಂದು ಜೋಡಿ ಪ್ಯಾಸೆಂಜರ್ ಗಾಡಿ ಓಡಬೇಕೆಂಬ ಷರತ್ತನ್ನು ಹಣ ಬಿಡುಗಡೆಯ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು.

ಪ್ರಶ್ನೆ ಕೇಳಿದವರು (ಸಾಗರ):
ಧನ್ಯವಾದಗಳು. ಹಣದ ಬಗ್ಗೆ ನನಗಿದ್ದ ಆಕ್ಷೇಪ ಸಡಿಲವಾಗಿದೆ. ಮಾರ್ಗದುದ್ದಕ್ಕೂ ಯಾವ ಯಾವ ಸರ್ವೆ ನಂಬರುಗಳಲ್ಲಿ ಪೌತಿ ಖಾತೆ ಬಾಕಿ ಇದೆಯೆಂದು ಮಾಹಿತಿ ಹಕ್ಕಿನಡಿ ಈ ವಾರವೇ ಅರ್ಜಿ ಹಾಕುತ್ತೇನೆ. ಉತ್ತರ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.