ಬಾಲ್ಸಾ ಮರ: ಬೀಜೋಪಚಾರ, ನಾಟಿ ಮತ್ತು ಕಡಿತದ ಸಮಯ

ಪ್ರಶ್ನೆ:
ಕಾಡು ಕಳೆದುಕೊಂಡು ಬಯಲಾಗಿರುವ, ನೀರು ನಿಲ್ಲದ ಇಳಿಜಾರಿನಲ್ಲಿ ಬೇಗ ಬೆಳೆಯುವ ಮರ ಯಾವುದೆಂದು ಹುಡುಕುತ್ತಿದ್ದಾಗ ಬಾಲ್ಸಾದ ವಿಷಯ ಓದಿದೆ. ಐದಾರು ವರ್ಷಗಳಲ್ಲೇ ಕಡಿತಕ್ಕೆ ಬರುತ್ತದೆ ಎನ್ನುತ್ತಾರೆ; ಆದರೆ ಬೀಜ ಸುಲಭವಾಗಿ ಮೊಳೆಯುವುದಿಲ್ಲ ಎಂಬ ಮಾತೂ ಇದೆ. ಇಷ್ಟು ಮೆದುವಾದ ಮರದಿಂದ ಆಗುವ ಉಪಯೋಗವೇನು? ಕಡಿತವನ್ನು ಇನ್ನೂ ಕೆಲವು ವರ್ಷ ಮುಂದೂಡಿದರೆ ಮರ ದಪ್ಪವಾಗಿ ಹೆಚ್ಚು ನಾಟಾ ಸಿಗುವುದಿಲ್ಲವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಮೊದಲು ಬೀಜದ ವಿಷಯ. ಬಾಲ್ಸಾ ನಮ್ಮ ಬೂರುಗದ ಬಳಗಕ್ಕೆ ಸೇರಿದ ಮರ. ಉದ್ದನೆಯ ಕಾಯಿ ಒಣಗಿ ಬಿರಿದಾಗ ಕಂದು ಬಣ್ಣದ ಅರಳೆ ಉಬ್ಬಿ ಹೊರಬರುತ್ತದೆ. ಸಣ್ಣ ಬೀಜಗಳು ಅದರೊಳಗೆ ಹುದುಗಿದ್ದು ಗಾಳಿಯಲ್ಲಿ ದೂರ ಹೋಗುತ್ತವೆ. ಬೀಜದ ಸಿಪ್ಪೆ ನೀರನ್ನು ಒಳಗೆ ಬಿಡದಷ್ಟು ಗಟ್ಟಿ. ಕಾಡಿನಲ್ಲಿ ದೊಡ್ಡ ಮರ ಉರುಳಿ ನೆಲಕ್ಕೆ ಬಿಸಿಲು ಬಿದ್ದಾಗ ಅಥವಾ ಬೆಂಕಿ ಹಾದುಹೋದಾಗ ಆ ಶಾಖಕ್ಕೆ ಸಿಪ್ಪೆ ಸಡಿಲಗೊಂಡು ಬೀಜ ಮೊಳೆಯುತ್ತದೆ. ಹಾಗಾಗಿ ಕುದಿಯುವ ನೀರನ್ನು ಒಲೆಯಿಂದ ಇಳಿಸಿ ಬೀಜದ ಮೇಲೆ ಸುರಿದು, ಅದು ತಣ್ಣಗಾಗುವವರೆಗೆ ನೆನೆಯಲು ಬಿಟ್ಟು ಬಿತ್ತಬೇಕು. ಒಲೆಯ ಮೇಲೆ ಇಟ್ಟು ಬೇಯಿಸಿದರೆ ಬೀಜ ಸಾಯುತ್ತದೆ.

ಸಸಿಯ ಬೇರು ಅಲುಗಾಡುವುದನ್ನು ಸಹಿಸುವುದಿಲ್ಲವಾದ್ದರಿಂದ ಪಾತಿಯಿಂದ ಕಿತ್ತು ನೆಡುವುದಕ್ಕಿಂತ ಚೀಲದಲ್ಲೇ ಬೆಳೆಸಿ ಮಣ್ಣಿನ ಹೆಂಟೆಯ ಸಮೇತ ನೆಡುವುದು ಒಳ್ಳೆಯದು. ಪೂರ್ಣ ಬಿಸಿಲು ಬೇಕು, ನೀರು ನಿಲ್ಲಬಾರದು. ತಮ್ಮ ಇಳಿಜಾರು ಇದಕ್ಕೆ ಹೊಂದುತ್ತದೆ. ಮೊದಲ ವರ್ಷ ಕಳೆ ತೆಗೆಯುವಾಗ ಕತ್ತಿ ಕಾಂಡಕ್ಕೆ ತಾಗದಂತೆ ನೋಡಿಕೊಳ್ಳಿ, ಏಕೆಂದರೆ ಆ ಗಾಯದಿಂದ ಒಳಹೊಕ್ಕ ಕೊಳೆ ನಾಟಾದ ಬೆಲೆಯನ್ನೇ ಕೆಡಿಸುತ್ತದೆ.

ಉತ್ತರ 2:
ಕಡಿತವನ್ನು ಮುಂದೂಡುವ ಯೋಚನೆಯನ್ನು ದಯವಿಟ್ಟು ಬಿಡಿ. ಬಾಲ್ಸಾಕ್ಕೆ ಬೆಲೆ ಇರುವುದು ಅದರ ಹಗುರತನಕ್ಕೆ. ಅದರ ಜೀವಕೋಶಗಳು ದೊಡ್ಡವು, ಗೋಡೆಗಳು ತೆಳು. ಹಸಿಯಾಗಿದ್ದಾಗ ಅವುಗಳಲ್ಲಿ ನೀರು ತುಂಬಿರುತ್ತದೆ, ಒಣಗಿದ ಮೇಲೆ ಅಲ್ಲಿ ಗಾಳಿಯೇ ಉಳಿಯುತ್ತದೆ. ಒಣಗಿದ ನಾಟಾ ಘನ ಮೀಟರಿಗೆ ಸುಮಾರು 160 ಕಿಲೋಗ್ರಾಂ ತೂಗುತ್ತದೆ, ಅಂದರೆ ನೀರಿನ ಆರನೆಯ ಒಂದು ಭಾಗದಷ್ಟು. ಮರಕ್ಕೆ ವಯಸ್ಸಾದಂತೆ ಹೊಸದಾಗಿ ಸೇರುವ ಹೊರಪದರ ಭಾರವಾಗುತ್ತದೆ, ನಡುವಿನ ತಿರುಳು ನೀರುಗಟ್ಟಿ ಕೆಂಪಾಗಿ ಕೊಳೆಯತೊಡಗುತ್ತದೆ. ಆದ್ದರಿಂದ 5ರಿಂದ 7 ವರ್ಷಗಳೊಳಗೆ ಕಡಿಯುವುದು ವಾಡಿಕೆ. ಆ ಮೇಲೆ ಗಾತ್ರ ಹೆಚ್ಚಿದರೂ ಗುಣ ಇಳಿಯುತ್ತದೆ.

ಕಡಿದ ನಂತರದ ಅವಸರ ಇನ್ನೂ ಮುಖ್ಯ. ಹಸಿ ದಿಮ್ಮಿಯನ್ನು ನೆಲದ ಮೇಲೆ ಬಿಟ್ಟರೆ ಬೂಷ್ಟು, ಹುಳು ಬಹಳ ಬೇಗ ಸೇರಿಕೊಳ್ಳುತ್ತವೆ. ಕೆಲವೇ ದಿನಗಳಲ್ಲಿ ಸೀಳಿ, ಬಿಸಿಗಾಳಿಯ ಕೊಠಡಿಯಲ್ಲಿ ಒಣಗಿಸಬೇಕು. ಆ ಅನುಕೂಲ ಹತ್ತಿರದಲ್ಲಿ ಇಲ್ಲದಿದ್ದರೆ ನಾಟಾಕ್ಕಾಗಿ ಬಾಲ್ಸಾ ನೆಡಬೇಡಿ ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ. ಸೌದೆಯಾಗಿಯೂ ಅದು ಕ್ಷಣದಲ್ಲಿ ಉರಿದು ಮುಗಿಯುತ್ತದೆ.

ಉಪಯೋಗದ ಬಗ್ಗೆ ಹೇಳುವುದಾದರೆ, ಎಳೆಗಳು ನೆಟ್ಟಗೆ ನಿಲ್ಲುವಂತೆ ಅಡ್ಡಲಾಗಿ ಕೊಯ್ದ ತುಂಡುಗಳನ್ನು ಜೋಡಿಸಿ ಮಾಡಿದ ಹಲಗೆಯನ್ನು ಗಾಜಿನ ನಾರಿನ ಎರಡು ಪದರಗಳ ನಡುವೆ ಇಟ್ಟು ಗಾಳಿಯಂತ್ರದ ರೆಕ್ಕೆ, ದೋಣಿಯ ಒಡಲು ಮುಂತಾದವನ್ನು ತಯಾರಿಸುತ್ತಾರೆ. ಎರಡನೆಯ ಮಹಾಯುದ್ಧದ ಮಾಸ್ಕಿಟೊ ವಿಮಾನದ ಒಡಲಿನಲ್ಲಿಯೂ ಪ್ಲೈವುಡ್ ಪದರಗಳ ನಡುವೆ ಬಾಲ್ಸಾ ಇತ್ತು. 1947ರಲ್ಲಿ ಥಾರ್ ಹೆಯೆರ್‌ಡಾಲ್ ಮತ್ತು ಸಂಗಡಿಗರು ಪೆರುವಿನಿಂದ ಪಾಲಿನೇಷ್ಯಾವರೆಗೆ 101 ದಿನ ಸಾಗಿದ ಕಾನ್-ಟಿಕಿ ತೆಪ್ಪ ಕಟ್ಟಿದ್ದು ಬಾಲ್ಸಾ ದಿಮ್ಮಿಗಳಿಂದಲೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಒಣಗಿಸುವ ಸೌಲಭ್ಯ ಹತ್ತಿರದಲ್ಲಿ ಇಲ್ಲ. ನಾಟಾದ ಆಸೆ ಬಿಟ್ಟು, ನೆಲಕ್ಕೆ ನೆರಳು ತರಲು ಮಾತ್ರ ನೆಡಬಹುದೇ?

ಉತ್ತರ 3:
ನೆಡಬಹುದು, ಆದರೆ ಬಾಲ್ಸಾ ಒಂದನ್ನೇ ನಂಬಬೇಡಿ. ಅಗಲವಾದ ಎಲೆಗಳು ಬೇಗ ನೆರಳು ಕೊಟ್ಟು ಹುಲ್ಲನ್ನು ಹತ್ತಿಕ್ಕುತ್ತವೆ, ಉದುರಿದ ಎಲೆ ನೆಲವನ್ನು ಮುಚ್ಚುತ್ತದೆ. ಆದರೆ ಇದು ಕಡಿಮೆ ಆಯುಷ್ಯದ ಮರ, ಜೋರು ಗಾಳಿಗೆ ಕೊಂಬೆ ಮುರಿಯುತ್ತದೆ. ಅದರ ನೆರಳಿನಲ್ಲಿ ನಿಧಾನವಾಗಿ ಬೆಳೆದು ದೀರ್ಘಕಾಲ ಬಾಳುವ ಸ್ಥಳೀಯ ಮರಗಳ ಸಸಿಗಳನ್ನು ಮೊದಲೇ ನೆಟ್ಟರೆ, ಬಾಲ್ಸಾ ಸೋಲುವ ಹೊತ್ತಿಗೆ ಅವು ತಲೆಯೆತ್ತಿರುತ್ತವೆ. ಇನ್ನೊಂದು ಮಾತು: ಬಾಲ್ಸಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ಮರ, ಬೀಜ ಗಾಳಿಯಲ್ಲಿ ಹಾರುತ್ತದೆ, ತೆರೆದ ನೆಲ ಸಿಕ್ಕಿದಲ್ಲಿ ಬೇರೂರುತ್ತದೆ. ತಮ್ಮ ಜಾಗ ಆ ಸೀಮೆಯ ಹೊರಗಿದ್ದು ಪಕ್ಕದಲ್ಲಿ ಸಹಜ ಕಾಡು ಇದ್ದರೆ, ಬಯಲಿನಲ್ಲಿ ಹೀಗೆಯೇ ಮೊದಲು ಬೆಳೆಯುವ ಅಲ್ಲಿಯ ಮರವನ್ನೇ ಆರಿಸಿಕೊಳ್ಳುವುದು ಉತ್ತಮ.