ಪದಚರ್ಚೆ: ಸರ್ವರ್ ‘ಹೋಗಿದೆ’ ಎಂದು ಬರೆಯಬಹುದೇ?

ಬಳಗದವರಿಗೆ ನಮಸ್ಕಾರ.

ನಾನು ಬೇಲೂರು ತಾಲ್ಲೂಕಿನವನು. ಕಾಫಿ, ಮೆಣಸು ಬೆಳೆಯುವ ಮನೆಯಲ್ಲಿ ಹುಟ್ಟಿದವನಾದರೂ ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಬಿಡುವಿನಲ್ಲಿ ಸುತ್ತಲಿನ ಬೆಳೆಗಾರರಿಗಾಗಿ ಒಂದು ಸಣ್ಣ ಆ್ಯಪ್ ನಡೆಸುತ್ತಿದ್ದೇನೆ. ಅರೇಹಳ್ಳಿ, ಬಿಕ್ಕೋಡು, ಸಕಲೇಶಪುರದ ಕಡೆಯ ಒಂದಷ್ಟು ತೋಟದವರು ದಿನವೂ ಬೆಳಿಗ್ಗೆ ಮಳೆಮಾಪಕ ನೋಡಿ ‘ಒಂದು ಇಂಚು ಇಪ್ಪತ್ತು ಸೆಂಟು’ ಎಂದು ಅದರಲ್ಲಿ ತುಂಬುತ್ತಾರೆ. (ಸೆಂಟು ಎಂದರೆ ಇಂಚಿನ ನೂರರಲ್ಲೊಂದು ಪಾಲು. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ತೋಟದವರು ಇಂಚು ಬಿಟ್ಟಿಲ್ಲ.) ಆ್ಯಪ್ ಅವನ್ನೆಲ್ಲ ಒಟ್ಟುಗೂಡಿಸಿ, ಊರವರು ನೋಡುವ ಒಂದು ಸಾಮಾಜಿಕ ಜಾಲತಾಣದ ಪುಟಕ್ಕೆ ತಾನೇ ಹಾಕುತ್ತದೆ. ಹೀಗೆ ಹಾಕುವುದಕ್ಕೆಂದು ಜಾಲತಾಣದವರು ಹೊರಗಿನವರಿಗೆ ತೆರೆದಿಟ್ಟಿರುವ ಕಿಂಡಿಯೇ ಎಪಿಐ. ಆ ಕಿಂಡಿ ಆಗಾಗ ಮುಚ್ಚಿರುತ್ತದೆ. ಆಗ ಪರದೆಯ ಮೇಲೆ ಯಾವ ಪದ ಬರೆಯಬೇಕು ಎಂಬುದು ನನ್ನ ಪ್ರಶ್ನೆ.

ಕಳೆದ ಸಲದ ಹೂಮಳೆಯ ದಿನ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಕಾಫಿ ಗಿಡ ಮೊಗ್ಗು ಕಟ್ಟಿಕೊಂಡು ಕಾಯುವ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಯಾರ ತೋಟಕ್ಕೆ ಎಷ್ಟು ಮಳೆ ಬಿತ್ತು ಎಂಬುದು ಇಡೀ ಹೋಬಳಿಗೆ ಸುದ್ದಿ. ಅಂದೇ ಬೆಳಿಗ್ಗೆ ಜಾಲತಾಣದ ಎಪಿಐ ಉತ್ತರ ಕೊಡುವುದನ್ನು ನಿಲ್ಲಿಸಿತು. ನನ್ನ ಆ್ಯಪ್ ಎಲ್ಲರ ಮೊಬೈಲಿನಲ್ಲೂ ‘ದೋಷ ಸಂಭವಿಸಿದೆ. ದಯವಿಟ್ಟು ಮತ್ತೆ ಪ್ರಯತ್ನಿಸಿ’ ಎಂದು ತೋರಿಸಿತು. ಪಕ್ಕದ ತೋಟದ ಗೌಡರಿಗೆ ಎಪ್ಪತ್ತು ದಾಟಿದೆ. ಅವರು ಮಾಪಕದ ನೀರನ್ನು ಆಗಲೇ ಚೆಲ್ಲಿಬಿಟ್ಟಿದ್ದರಿಂದ, ಪುಸ್ತಕದಲ್ಲಿ ಬರೆದಿಟ್ಟುಕೊಂಡದ್ದನ್ನು ಕನ್ನಡಕ ಒರೆಸಿಕೊಂಡು ನೋಡಿ, ಒಟ್ಟು ನಾಲ್ಕು ಸಲ ತುಂಬಿದರಂತೆ. ಆಮೇಲೆ ಫೋನ್ ಮಾಡಿ, ‘ಏನಪ್ಪಾ, ದೋಷ ಎಂದು ಬರುತ್ತಿದೆ, ನಾನೇನಾದರೂ ಲೆಕ್ಕ ತಪ್ಪಿದೆನೇ?’ ಎಂದು ಕೇಳಿದರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಎಪಿಐ ಮರಳಿದಾಗ, ಕಾದು ಕುಳಿತಿದ್ದ ನಾಲ್ಕೂ ಒಟ್ಟಿಗೆ ಪ್ರಕಟವಾಗಿ, ಅವರ ತೋಟಕ್ಕೆ ಬಿದ್ದ ಒಂದು ಇಂಚು ಇಪ್ಪತ್ತು ಸೆಂಟು ಮಳೆ ನಾಲ್ಕು ಇಂಚು ಎಂಬತ್ತು ಸೆಂಟಾಯಿತು. ಮಧ್ಯಾಹ್ನದವರೆಗೂ ಅವರಿಗೆ ಅಭಿನಂದನೆಯ ಕರೆಗಳು ಬಂದವು. ಒಂದೇ ದಾಖಲೆ ಎರಡನೆಯ ಸಲ ಬಂದರೆ ಗುರುತಿಸಿ ಬಿಟ್ಟುಬಿಡುವ ಎಚ್ಚರ ನನ್ನ ಪ್ರೋಗ್ರಾಮಿಗೆ ಇರಲಿಲ್ಲ. ಆ ತಪ್ಪು ನನ್ನದು, ತಿದ್ದಿದ್ದೇನೆ. ಆದರೆ ಆ ಹಿರಿಯರು ಅಷ್ಟು ಒದ್ದಾಡಿದ್ದಕ್ಕೆ ‘ದೋಷ’ ಎಂಬ ಪದವೇ ಕಾರಣ.

ನಮ್ಮ ಬಾಯಲ್ಲಿ ದೋಷ ಎಂದರೆ ಕುಜದೋಷ, ನಾಗದೋಷ, ದೃಷ್ಟಿದೋಷ, ಉಚ್ಚಾರದೋಷ. ಎಲ್ಲವೂ ಯಾರಿಗೋ ಅಂಟಿಕೊಂಡಿರುವಂಥವು. ಅಂಟಿಸಿಕೊಂಡವನೇ ಪರಿಹಾರ ಮಾಡಿಕೊಳ್ಳಬೇಕು. ಸಮುದ್ರದಾಚೆಯ ಕಂಪ್ಯೂಟರು ನಿಂತದ್ದನ್ನು ಅರೇಹಳ್ಳಿಯ ಗೌಡರ ಜಾತಕಕ್ಕೆ ಸೇರಿಸಿದಂತಾಗುತ್ತದೆ. ತಮಾಷೆಯೆಂದರೆ, ಯಂತ್ರಗಳು ತಮ್ಮತಮ್ಮಲ್ಲಿ ಇಷ್ಟು ಒರಟಾಗಿ ಮಾತನಾಡುವುದಿಲ್ಲ. ವೆಬ್ಬಿನ ಎಚ್‌ಟಿಟಿಪಿ ನಿಯಮದ ಪ್ರಕಾರ, 4ರಿಂದ ಶುರುವಾಗುವ ಮೂರಂಕಿಯ ಸಂಖ್ಯೆ ಬಂದರೆ ಕೇಳಿದವನ ಕಡೆ ಏನೋ ಸರಿಯಿಲ್ಲ, 5ರಿಂದ ಶುರುವಾದರೆ ಕೊಡುವವನ ಕಡೆ. ಅಂದು ನನಗೆ ಬಂದದ್ದು 503, ಅಂದರೆ ‘ಸದ್ಯಕ್ಕೆ ಸೇವೆ ಇಲ್ಲ’. ಯಂತ್ರ ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಕನ್ನಡಕ್ಕೆ ತರುವಾಗ ಕಲಸಿದವನು ನಾನು.

ಹಾಗಾದರೆ ಜನ ಏನೆನ್ನುತ್ತಾರೆ? ತಿಂಗಳಿಗೊಮ್ಮೆ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತವರೆಲ್ಲರಿಗೂ ಗೊತ್ತು. ಹೆಬ್ಬೆಟ್ಟು ಒತ್ತಿ ಅಕ್ಕಿ ಪಡೆಯುವ ಸಾಲಿನಲ್ಲಿ ‘ಸರ್ವರ್ ಇಲ್ಲ’, ‘ಸರ್ವರ್ ಹೋಗಿದೆ’, ‘ಸರ್ವರ್ ಬಂತೇ?’ ಎಂಬ ಮಾತುಗಳು ಓಡಾಡುತ್ತಿರುತ್ತವೆ. ಒಬ್ಬರ ಬಾಯಿಂದಲೂ ದೋಷ ಎಂಬುದು ಬರುವುದಿಲ್ಲ. ಸರ್ವರ್ ಎಂದರೇನೆಂದು ಯಾರೂ ಅವರಿಗೆ ಪಾಠ ಹೇಳಿಲ್ಲ. ಕರೆಂಟಿನ ಜೊತೆ ಬಾಳಿ ಕಲಿತ ವ್ಯಾಕರಣವನ್ನೇ ಅದಕ್ಕೂ ತೊಡಿಸಿದ್ದಾರೆ. ಹೋದದ್ದು ಬರುತ್ತದೆ, ನಮ್ಮಿಂದ ಆಗಬೇಕಾದದ್ದೇನೂ ಇಲ್ಲ, ಚೀಲ ಹಾಸಿ ಕುಳಿತರೆ ಸಾಕು.

ಇಲ್ಲಿ ನನಗೊಂದು ಅನುಮಾನ ಹುಟ್ಟಿತು. ‘ಹೋಗು’ ಯಾವಾಗಲೂ ಹೀಗೆ ಮರಳುವ ಕ್ರಿಯಾಪದವೇನಲ್ಲ. ‘ಕರೆಂಟ್ ಹೋಗಿದೆ’ ಎಂದರೆ ಬರುತ್ತದೆ. ‘ಮೋಟಾರ್ ಹೋಗಿದೆ’ ಎಂದರೆ ಸುಟ್ಟಿದೆ, ಕಾಯಿಲ್ ಸುತ್ತಿಸಬೇಕು. ‘ಸಿಗ್ನಲ್ ಹೋಗಿದೆ’ ಎಂದರೆ ನಾಲ್ಕು ಹೆಜ್ಜೆ ಗುಡ್ಡದ ಕಡೆ ನಡೆದರೆ ಸಿಗುತ್ತದೆ. ‘ಬ್ಯಾಟರಿ ಹೋಗಿದೆ’ ಎಂದರೆ ಹೊಸದು ತರಬೇಕು. ನಾನು ಗಮನಿಸಿದ ಮಟ್ಟಿಗೆ, ಹರಿದು ಬರುವ ವಸ್ತುಗಳಿಗೆ ಹೋಗುವುದೆಂದರೆ ಬಿಡುವು, ಕುಳಿತಲ್ಲೇ ಇರುವ ವಸ್ತುಗಳಿಗೆ ಹೋಗುವುದೆಂದರೆ ಸಾವು. ಸರ್ವರ್ ನಿಜವಾಗಿ ಎಲ್ಲೋ ಒಂದು ಕಟ್ಟಡದಲ್ಲಿ ಕುಳಿತಿರುವ ಯಂತ್ರ; ಆದರೂ ಜನ ಅದನ್ನು ಹರಿಯುವ ಪಂಗಡಕ್ಕೆ ಸೇರಿಸಿಬಿಟ್ಟಿದ್ದಾರೆ. ಅವರ ಪಾಲಿಗೆ ಅದು ತಂತಿಯಲ್ಲಿ ಬರುವ ಏನೋ ಒಂದು. ಇದು ಹಾಸನ ಸೀಮೆಯ ರೂಢಿಯೋ, ಎಲ್ಲ ಕಡೆಯೂ ಹೀಗೆಯೋ? ಧಾರವಾಡ, ಕಲಬುರಗಿ, ಮಂಗಳೂರಿನ ಕಡೆಯವರು ‘ಸರ್ವರ್ ಹೋಗಿದೆ’ ಎಂದು ಓದಿದರೆ ಸುಟ್ಟುಹೋಗಿದೆ ಎಂದುಕೊಳ್ಳುತ್ತಾರೆಯೇ, ಬರುತ್ತದೆ ಎಂದುಕೊಳ್ಳುತ್ತಾರೆಯೇ? ದಯವಿಟ್ಟು ತಿಳಿಸಿ.

ಯಂತ್ರ ಸರಿಯಿದ್ದು ದಾರಿ ಮಾತ್ರ ಇಲ್ಲದ ಸಂದರ್ಭವೂ ಉಂಟು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ಗಂಟೆ ಸಿಗಲಿಲ್ಲವಲ್ಲ, ಅಂದು ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶ ಅವರ ಒಳಜಾಲವನ್ನೇ ಕಡಿದುಹಾಕಿತು. ‘ನಮ್ಮ ವಿಳಾಸಕ್ಕೆ ಹೀಗೆ ಬನ್ನಿ’ ಎಂದು ಇಂಟರ್‌ನೆಟ್ಟಿಗೆ ಸಾರುವ ಮಾಹಿತಿಯೂ ಅದರ ಬೆನ್ನಿಗೇ ಅಳಿಸಿಹೋಯಿತು. ಫೇಸ್‌ಬುಕ್ ಖಾತೆಯ ಮೂಲಕವೇ ಒಳಗೆ ಬಿಡುತ್ತಿದ್ದ ಬೇರೆ ಆ್ಯಪ್‌ಗಳೂ ಬಾಗಿಲಲ್ಲೇ ನಿಂತವು. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದಾಗ ನಾವು ‘ಮಂಗಳೂರು ಹೋಗಿದೆ’ ಎನ್ನುವುದಿಲ್ಲ, ‘ಘಾಟಿ ಬಂದ್’ ಎನ್ನುತ್ತೇವೆ. ಅಂಥದ್ದಕ್ಕೆ ‘ದಾರಿ ಬಂದ್’ ಎಂದರೆ ಸಾಕೆಂದು ನನ್ನ ಅಭಿಪ್ರಾಯ.

ಇನ್ನು, 503ರಂತೆಯೇ ಯಂತ್ರದಿಂದ ಬರುವ ಮತ್ತೊಂದು ಸಂಖ್ಯೆ 429. ಇದರ ಅರ್ಥ, ಅತಿಯಾಗಿ ಕೇಳುತ್ತಿದ್ದೀರಿ, ಸ್ವಲ್ಪ ತಾಳಿ. ಈ ಸಂಖ್ಯೆ 2012ರಲ್ಲಿ ನಿಯಮಕ್ಕೆ ಸೇರುವ ಮೊದಲು ಟ್ವಿಟರ್ ತನ್ನದೇ 420 ಎಂಬ ಸಂಖ್ಯೆಯನ್ನು, ಸಮಾಧಾನ ತಂದುಕೊಳ್ಳಿ ಎಂಬರ್ಥದ ಒಂದು ಮಾತಿನ ಜೊತೆ ಕಳುಹಿಸುತ್ತಿತ್ತು. 420 ಎನ್ನಿಸಿಕೊಂಡವನಿಗೆ ನಮ್ಮಲ್ಲಿ ಸಮಾಧಾನ ಹೇಗೆ ಬಂದೀತು! ಇಲ್ಲಿ ಕೆಟ್ಟದ್ದೂ ಇಲ್ಲ, ಹೋದದ್ದೂ ಇಲ್ಲ. ಇಂತಿಷ್ಟು ಹೊತ್ತಿಗೆ ಇಂತಿಷ್ಟು ಎಂದು ಅಳೆದುಕೊಟ್ಟ ಪಾಲು ಮುಗಿದಿದೆ. ಅಳೆದುಕೊಟ್ಟ ಪಾಲಿಗೆ ಕನ್ನಡದಲ್ಲಿ ‘ಪಡಿ’ ಎಂಬ ಪದ ಇದೆ, ಪಡಿತರದಲ್ಲಿ ಇಂದಿಗೂ ಜೀವಂತವಾಗಿದೆ. ‘ಈ ಹೊತ್ತಿನ ಪಡಿ ಮುಗಿದಿದೆ, 15 ನಿಮಿಷ ಕಳೆದು ಸಿಗುತ್ತದೆ’ ಎಂದು ಬರೆದು ನೋಡಿದೆ. ಗೌಡರಿಗೂ ಅವರ ಮೊಮ್ಮಗಳಿಗೂ ಒಂದೇ ಓದಿಗೆ ತಿಳಿಯಿತು. ಇದಕ್ಕೆ ಇಂಗ್ಲಿಷಿನಲ್ಲಿರುವ ‘ರೇಟ್ ಲಿಮಿಟ್’ ಎಂಬುದನ್ನು ‘ದರ ಮಿತಿ’ ಎಂದು ಕೆಲವರು ಅನುವಾದಿಸುತ್ತಾರೆ. ನಮ್ಮವರಿಗೆ ದರ ಎಂದರೆ ಮೆಣಸಿನ ದರ, ಕಾಫಿಯ ದರ. ಅದಕ್ಕೆ ಮಿತಿ ಬಂದಿದೆ ಎಂದು ಓದಿದರೆ ಊರಿನಲ್ಲಿ ಗಲಾಟೆಯಾದೀತು.

ನಿಜವಾದ ತೊಡಕು ಇರುವುದು ಮತ್ತೊಂದು ಕಡೆ. ಹೋಗಿದೆಯೋ, ಹೊರಗೆ ಹಾಕಿದ್ದಾರೋ ಎಂದು ತಿಳಿಯದ ಸ್ಥಿತಿ. 2023ರ ಜನವರಿ 12ರ ಸುಮಾರಿಗೆ ಟ್ವೀಟ್‌ಬಾಟ್, ಟ್ವಿಟರಿಫಿಕ್ ಮುಂತಾದ ಹೊರಗಿನವರ ಆ್ಯಪ್‌ಗಳು ಇದ್ದಕ್ಕಿದ್ದಂತೆ ಟ್ವಿಟರನ್ನು ತಲುಪಲಾಗದೆ ನಿಂತವು. ಏನಾಯಿತೆಂದು ಅವುಗಳನ್ನು ಬರೆದವರಿಗೇ ಕೆಲವು ದಿನ ಗೊತ್ತಾಗಲಿಲ್ಲ. ಅದೊಂದು ಸಾಮಾನ್ಯ ನಿಲುಗಡೆ ಎಂದುಕೊಂಡು ಕಾದವರಿದ್ದರು. ಆಮೇಲೆ ನಿಯಮಗಳ ಮಾತು ಬಂತು. ಅದೇ ತಿಂಗಳ 19ರಂದು, ಟ್ವಿಟರಿನ ಆ್ಯಪ್‌ಗೆ ಬದಲಿಯಾಗುವಂಥ ಆ್ಯಪ್ ಮಾಡಕೂಡದೆಂದು ಒಪ್ಪಂದವನ್ನೇ ತಿದ್ದಲಾಯಿತು. ಫೆಬ್ರವರಿಯಲ್ಲಿ ಉಚಿತ ಎಪಿಐ ನಿಲ್ಲಿಸುತ್ತೇವೆಂಬ ಪ್ರಕಟಣೆ ಬಂತು, ಮಾರ್ಚ್‌ನಲ್ಲಿ ತಿಂಗಳಿಗೆ 100 ಡಾಲರಿನ ಯೋಜನೆ. ಅದೇ ವರ್ಷ ರೆಡಿಟ್ ಎಂಬ ಚರ್ಚೆಯ ಜಾಲತಾಣ ಕೂಡ ಎಪಿಐಗೆ ಬೆಲೆ ಕಟ್ಟಿದ್ದರಿಂದ, ಅದನ್ನು ಓದಲು ಹೊರಗಿನವರು ಮಾಡಿದ್ದ ಅಪೊಲೊ ಎಂಬ ಆ್ಯಪ್ ಜೂನ್ 30ಕ್ಕೆ ಮುಚ್ಚಿತು. ಬಾಗಿಲು ಹಾಕಿದ್ದನ್ನು ‘ದೋಷ’ ಎನ್ನುವುದು ಸುಳ್ಳು. ‘ಸರ್ವರ್ ಹೋಗಿದೆ’ ಎನ್ನುವುದು ಇನ್ನೂ ದೊಡ್ಡ ಸುಳ್ಳು, ಏಕೆಂದರೆ ಅದು ಬರುತ್ತದೆಂಬ ಆಸೆ ಹುಟ್ಟಿಸುತ್ತದೆ. ಇದಕ್ಕೆ ‘ನಮಗೆ ಅನುಮತಿ ಇಲ್ಲ’ ಎಂದು ನೇರವಾಗಿ ಬರೆಯುತ್ತಿದ್ದೇನೆ. ಬೇರೆ ಚಂದದ ಮಾತು ಬೇಕಾಗಿಲ್ಲ.

ಇಂಥ ಹೊರಗಿನವರ ಆ್ಯಪ್‌ಗಳಿಗೆ ಇಂಗ್ಲಿಷಿನಲ್ಲಿ ಹೇಳುವ ‘ಥರ್ಡ್ ಪಾರ್ಟಿ’ಗೂ ಒಂದು ಮಾತು. ವಾಹನ ವಿಮೆಯಿಂದಾಗಿ ಆ ಪದ ಹಾಗೆಯೇ ಊರೊಳಗೆ ಬಂದಿದೆ. ‘ಮೂರನೆಯವರು’ ಎನ್ನೋಣವೆಂದರೆ, ಮನೆಯ ಗುಟ್ಟನ್ನು ಯಾರ ಮುಂದೆ ಹೇಳಬಾರದೋ ಅವರು ಎಂಬ ವಾಸನೆ ಹೊಡೆಯುತ್ತದೆ. ವ್ಯಾಕರಣ ನೋಡಿದರೆ ನಾನು, ನೀನು ಬಿಟ್ಟ ಮೂರನೆಯವನಿಗೆ ಅಲ್ಲಿ ಪ್ರಥಮ ಪುರುಷನ ಪಟ್ಟ. ಆ ಗೌರವ ನಮಗೆ ಯಾವ ಜಾಲತಾಣವೂ ಕೊಡಲಾರದು. ನನಗೆ ಹತ್ತಿರವೆನಿಸಿದ್ದು ‘ಗೇಣಿದಾರ’. ಇನ್ನೊಬ್ಬರ ನೆಲ, ನಮ್ಮ ದುಡಿಮೆ, ಕರಾರು ಒಡೆಯನದು. ಆದರೆ 1974ರಲ್ಲಿ ನಮ್ಮ ಗೇಣಿದಾರರಿಗೆ ಭೂಸುಧಾರಣೆ ಬಂತು, ಎಪಿಐ ಗೇಣಿದಾರರಿಗೆ ಬಂದಿಲ್ಲ. ಪದವಾಗಿ ಇದು ನಿಲ್ಲುವುದಿಲ್ಲವೆಂದು ಗೊತ್ತು, ಆಸೆಗೆ ಬರೆದೆ. ‘ಹೊರಗಿನವರ ಆ್ಯಪ್’ ಎಂದು ಸದ್ಯಕ್ಕೆ ಕೆಲಸ ಸಾಗಿಸುತ್ತಿದ್ದೇನೆ.

ಸರ್ವರ್ ಬಂದ ಗಳಿಗೆಯ ಪೇಚಿಗೂ ಕನ್ನಡದ ಹೆಸರು ಹುಡುಕುತ್ತಿದ್ದೇನೆ. ತೋಟದಲ್ಲಿ ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಇಟ್ಟವರಿಗೆ ಇದು ಗೊತ್ತು: ಕರೆಂಟ್ ಬಂದ ಕ್ಷಣ ಎಲ್ಲರ ಮೋಟಾರೂ ಒಟ್ಟಿಗೆ ಎದ್ದು, ಟಿ.ಸಿ. (ಟ್ರಾನ್ಸ್‌ಫಾರ್ಮರ್) ತಡೆಯಲಾರದೆ ಮತ್ತೆ ಕತ್ತಲು. ಆ್ಯಪ್‌ಗಳೂ ಹೀಗೆಯೇ ಒಮ್ಮೆಗೇ ಮುಗಿಬಿದ್ದು, ಎದ್ದ ಸರ್ವರನ್ನು ಮತ್ತೆ ಮಲಗಿಸುತ್ತವೆ. ಅದಕ್ಕಾಗಿ ಒಂದು ನಿಮಿಷ, ಎರಡು, ನಾಲ್ಕು, ಎಂಟು ಎಂದು ಅಂತರ ಇಮ್ಮಡಿಸುತ್ತಾ, ಅದರಲ್ಲೂ ಒಬ್ಬೊಬ್ಬರು ಒಂದಿಷ್ಟು ಹಿಂದೆ ಮುಂದೆ ಮಾಡಿಕೊಂಡು ಕೇಳಬೇಕು. ‘ಬಿಟ್ಟು ಬಿಟ್ಟು ಕೇಳುವುದು’ ಎಂಬುದು ಮಾತಿಗೆ ಸರಿ, ನಾಮಪದಕ್ಕೆ ಉದ್ದವಾಯಿತು.

ನಾಮಪದದ ಮಾತು ಬಂದಾಗ ಮುಖ್ಯ ಪ್ರಶ್ನೆಯೂ ಅಲ್ಲೇ ಇದೆ. ಸೇವೆ ಹೋಗಿರುವ ಅವಧಿಗೆ ಪತ್ರಿಕೆಗಳು ‘ವ್ಯತ್ಯಯ’ ಎನ್ನುತ್ತವೆ, ‘ನಾಳೆ ವಿದ್ಯುತ್ ವ್ಯತ್ಯಯ’ ಎಂಬ ತಲೆಬರಹ ಎಲ್ಲರಿಗೂ ಪರಿಚಿತ. ಸಂಸ್ಕೃತದಲ್ಲಿ ಅದಕ್ಕೆ ತಲೆಕೆಳಗು, ಅದಲುಬದಲು ಎಂಬ ಅರ್ಥ. ಕನ್ನಡದ ವಿದ್ಯುತ್ ಕಚೇರಿಗಳು ಅದನ್ನು ಕತ್ತಲೆಗೆ ಒಗ್ಗಿಸಿವೆ. ‘ಕಡಿತ’ ಎಂದರೆ ಯಾರೋ ಬೇಕೆಂದೇ ಕತ್ತರಿಸಿದಂತೆ. ‘ಸ್ಥಗಿತ’ ಭಾರ. ‘ನಿಲುಗಡೆ’ ನನಗಿಷ್ಟ, ಆದರೆ ಅದು ಬಸ್ಸು ನಿಲ್ಲುವ ಜಾಗವೂ ಹೌದು. ನಿಮ್ಮ ಒಲವು ಯಾವುದಕ್ಕೆ?

ಸದ್ಯ ನಾನು ಪರದೆಗೆ ಬರೆದುಕೊಂಡಿರುವುದು ಇಷ್ಟು: ‘ಜಾಲತಾಣದ ಸರ್ವರ್ ಹೋಗಿದೆ. ನೀವು ತುಂಬಿದ್ದು ನಮ್ಮಲ್ಲಿ ಭದ್ರವಾಗಿದೆ, ಮತ್ತೆ ತುಂಬಬೇಡಿ. ಸರ್ವರ್ ಬಂದ ಮೇಲೆ ತಾನೇ ಹೋಗುತ್ತದೆ.’ ಗೌಡರಿಗೆ ಓದಿ ಹೇಳಿದೆ. ‘ಎಲ್ಲ ಸರಿ, ಆದರೆ ಬಂದ ಮೇಲೆ ಮತ್ತೆ ಏಕೆ ಹೋಗುತ್ತದಪ್ಪ?’ ಎಂದರು. ಎರಡು ‘ಹೋಗು’ಗಳಲ್ಲಿ ಯಾವುದನ್ನು ಬದಲಿಸಲಿ?